ಆ ಹನ್ನೊಂದು ಕಿಲೋಮೀಟರು

ಭಾವ, ನೀವೀಗ ಎಲ್ಲಿದ್ದೀರೋ ಅಲ್ಲಿಗೆ,

ಮೊನ್ನೆ ಬೆಳಿಗ್ಗೆ ಕೂಳೂರು ಸೇತುವೆ ದಾಟುವ ಮೊದಲು ಬೈಕನ್ನು ಬದಿಗೆ ನಿಲ್ಲಿಸಿದೆ. ಇಪ್ಪತ್ತೆರಡು ದಿನ, ಐದು ಸಾವಿರದ ಒಂಬೈನೂರು ಕಿಲೋಮೀಟರು ಮುಗಿಸಿ ಬಂದವನಿಗೆ ಮನೆಗೆ ಉಳಿದದ್ದು ಕಾಲು ಗಂಟೆಯ ದಾರಿ. ಆದರೂ ಕೈ ತಾನಾಗಿಯೇ ಬ್ರೇಕ್ ಹಿಡಿಯಿತು. ಕೆಳಗೆ ಹೊಳೆ ಎಂದಿನಂತೆ ಸಮುದ್ರದ ಕಡೆಗೆ ಹೋಗುತ್ತಿತ್ತು. ಇದೇ ಜಾಗದಲ್ಲಿ ಅಲ್ಲವೇ ನೀವು ನನಗೆ ಆ ಹುಚ್ಚು ಹಿಡಿಸಿದ್ದು? ಹತ್ತೊಂಬತ್ತು ವರ್ಷ ಗಲ್ಫಿನ ಬಿಸಿಲಲ್ಲಿ ಕ್ರೇನ್ ನಡೆಸಿ ಊರಿಗೆ ಬಂದವರು ಮನೆ, ಕಾರು, ಅಂಗಡಿ ಎಂದೆಲ್ಲ ಕನಸು ಕಾಣುತ್ತಾರೆ. ನಿಮಗೆ ಬೇಕಾದದ್ದು ನಿಂತ ನದಿ. "ಹರಿಯುವ ಹೊಳೆ ದಿನಾ ನೋಡ್ತೇವೆ ಮಾರಾಯ, ಒಂದು ಸಲ ಚಳಿಗೆ ಕಲ್ಲಾಗಿ ನಿಂತದ್ದು ನೋಡಬೇಕು" ಎಂದಿದ್ದಿರಿ. ಸ್ಪಿತಿ ಕಣಿವೆಯ ತುದಿಯ ಒಂದು ಹಳ್ಳಿಯಲ್ಲಿ ಜನವರಿಯಲ್ಲಿ ನದಿ ಹಾಗೆ ನಿಲ್ಲುತ್ತದೆಂದು ನಿಮ್ಮ ಜೊತೆ ದುಡಿಯುತ್ತಿದ್ದ ಆ ಕಡೆಯವನೊಬ್ಬ ಯಾವಾಗಲೋ ಹೇಳಿದ್ದನಂತೆ. ವಿಮಾನದಲ್ಲಿ ಹೋಗುವ ಎಂದೆ. ನೀವು ನನ್ನನ್ನು ಹೇಗೆ ನೋಡಿದಿರಿ ಎಂದರೆ...

ಮೀನಿನ ಬೋಟು ನಿಲ್ಲುವ ಧಕ್ಕೆಯ ಐಸ್ ಪ್ಲಾಂಟು ನೆನಪಾದರೆ ಈಗಲೂ ನಗು ಬರುತ್ತದೆ. ಮಂಗಳೂರಿನಲ್ಲಿ ಚಳಿ ಎಲ್ಲಿಂದ ತರುವುದು? ಕದ್ರಿಯಲ್ಲಿ ಇಪ್ಪತ್ತು ವರ್ಷದಿಂದ ಫ್ರಿಜ್ ಮಾರುವ ನಾನೇ ಅದಕ್ಕೆ ದಾರಿ ಹುಡುಕಿದೆ. ಮೀನಿನ ಬೋಟುಗಳಿಗೆ ಮಂಜುಗಡ್ಡೆ ಮಾಡುವ ಕೋಣೆಯಲ್ಲಿ ಭಾನುವಾರಕ್ಕೊಂದು ಗಂಟೆ ಕೂರಲು ಪರಿಚಯದವರನ್ನು ಒಪ್ಪಿಸಿದೆ. ಎರಡು ಸ್ಟೂಲು, ಜಾಕೆಟ್ಟು, ಗ್ಲೌಸು, ತಲೆಗೆ ಹೆಲ್ಮೆಟ್ಟು. ಬಿಳಿ ಹಬೆಯ ನಡುವೆ ಐವತ್ತು ದಾಟಿದ ಇಬ್ಬರು ಗಂಡಸರು ಎದುರುಬದುರು ಕೂತು ಒಬ್ಬರ ಮೂಗು ಒಬ್ಬರು ನೋಡುತ್ತಿದ್ದೆವು. ಹೊರಗೆ ಬುಟ್ಟಿ ಹಿಡಿದು ಕಾಯುತ್ತಿದ್ದ ಮೀನಿನ ಹೆಂಗಸೊಬ್ಬಳು ಇವರನ್ನು ಕಿಲೋಗೆ ಎಷ್ಟಕ್ಕೆ ಕೊಡುತ್ತೀರಿ ಎಂದು ಪ್ಲಾಂಟಿನವರನ್ನು ಕೇಳಿದಳು. ನಾಲ್ಕು ಭಾನುವಾರ ಕಳೆಯುವಾಗ ಚಳಿ ಎಂದರೆ ಇಷ್ಟೇ ಎಂದು ನಾವು ತೀರ್ಮಾನಿಸಿದೆವು. ಆ ಕೋಣೆಯಲ್ಲಿ ಗಾಳಿ ಇಲ್ಲ ಎಂಬುದು ಇಬ್ಬರಿಗೂ ಹೊಳೆಯಲೇ ಇಲ್ಲ. ಸ್ಟೂಲಿನ ಮೇಲೆ ಕೂತು ಕಾಣುವ ಚಳಿಯೇ ಬೇರೆ, ಗಂಟೆಗೆ ಅರವತ್ತರಲ್ಲಿ ಎದೆಗೆ ಬಂದು ಹೊಡೆಯುವ ಚಳಿಯೇ ಬೇರೆ ಎಂದು ಗೊತ್ತಾಗುವಾಗ ನಾವು ಊರಿನಿಂದ ಎರಡು ಸಾವಿರ ಕಿಲೋಮೀಟರು ಆಚೆಗಿದ್ದೆವು.

ಇಬ್ಬರೂ ಒಟ್ಟಿಗೆ ಹೊರಟ ಆ ಸಲದ, ಹರಿಯಾಣದ ಮಂಜಿನ ಬೆಳಿಗ್ಗೆಯನ್ನು ನಾನು ಇನ್ನೂ ಕನಸಿನಲ್ಲಿ ಕಾಣುತ್ತೇನೆ. ರಸ್ತೆ ಇರಲಿಲ್ಲ, ಹೊಲ ಇರಲಿಲ್ಲ, ನನ್ನ ಮುಂದಿನ ಚಕ್ರವೂ ಅರ್ಧ ಮಾತ್ರ ಇತ್ತು. ನಾಲ್ಕು ಗಂಟೆ ನನ್ನ ಪಾಲಿಗೆ ಜಗತ್ತೆಂದರೆ ನಿಮ್ಮ ಬೈಕಿನ ಹಿಂದಿನ ಕೆಂಪು ದೀಪ ಒಂದೇ. ಅದು ನಿಧಾನವಾದರೆ ನಾನೂ ನಿಧಾನ, ಅದು ಬಲಕ್ಕೆ ತೇಲಿದರೆ ನಾನೂ ಬಲಕ್ಕೆ. ಸತ್ತಿದ್ದೇವೋ ಬದುಕಿದ್ದೇವೋ ಎಂದು ಕೇಳಲೂ ಉದಾಸೀನ ಎನಿಸುವಂಥ ಸುಖ. ಹೆಲ್ಮೆಟ್ಟಿನೊಳಗೆ ನನ್ನದೇ ಉಸಿರು ಯಾರೋ ಪಕ್ಕದಲ್ಲಿ ಮಲಗಿದ್ದಂತೆ ಕೇಳುತ್ತಿತ್ತು. ಜೀವಮಾನವಿಡೀ ಎದುರಿನವನನ್ನು ನಂಬದೆ ವ್ಯಾಪಾರ ಮಾಡಿದ ನಾನು ಅಷ್ಟು ಹೊತ್ತು ಒಬ್ಬರನ್ನು ನಂಬಿದ್ದು ಅದೇ ಮೊದಲು ಇರಬೇಕು.

ಒಂಬತ್ತನೆಯ ದಿನ ನಾನು ಬಿದ್ದೆ. ರಸ್ತೆಯ ಮೇಲೆ ಹರಿದ ನೀರು ಗಾಜಾಗಿತ್ತು, ಅಷ್ಟೆ. ನೀವು ಬಂದು ಮೊದಲು ನನ್ನನ್ನು, ಆಮೇಲೆ ಬೈಕನ್ನು ಎತ್ತಿದಿರಿ. "ಬಿದ್ದದ್ದು ನೀನಲ್ಲ ಮಾರಾಯ, ಜಾರಿದ್ದು ರಸ್ತೆ" ಎಂದಿರಿ. ಮೊಣಕಾಲಿಗೆ ಏನೂ ಆಗಿರಲಿಲ್ಲ. ಆದರೆ ಒಳಗೆ ಏನೋ ಒಂದು ಬಿದ್ದದ್ದು ಏಳಲಿಲ್ಲ. ಮಧ್ಯಾಹ್ನ ಚಹಾದಂಗಡಿಯೊಂದು ಸಿಕ್ಕಿತು. ಅಲ್ಲಿಂದ ನೀವು ಹೇಳಿದ ಆ ನಿಂತ ನದಿಯ ಹಳ್ಳಿಗೆ ಹನ್ನೊಂದು ಕಿಲೋಮೀಟರು. ನಮ್ಮಲ್ಲಿ ಕೆಲಸ ಹಂಚಿಕೆಯಾಗಿತ್ತಲ್ಲ, ಯಂತ್ರ ನಿಮಗೆ, ಮಾತು ನನಗೆ? ನೀವು ಹೊರಗೆ ಎಂಜಿನ್ನಿಗೆ ಕೈ ಕಾಯಿಸುತ್ತ ನಿಂತಿರಿ, ನಾನು ರಸ್ತೆ ಹೇಗಿದೆ ಎಂದು ಕೇಳಲು ಒಳಗೆ ಹೋದೆ. ಅಂಗಡಿಯ ಹೆಂಗಸು ಹೇಳಿದ್ದು ಇಷ್ಟು: ಎರಡು ಕಡೆ ಮಂಜುಗಡ್ಡೆ ಇದೆ, ನಿಧಾನ ಹೋಗಿ, ರಸ್ತೆ ತೆರೆದಿದೆ. ನಾನು ಹೊರಗೆ ಬಂದು ನಿಮಗೆ ಹೇಳಿದ್ದು: ಹಿಮ ಕುಸಿದಿದೆ, ರಸ್ತೆ ಬಂದ್, ತೆರೆಯಲು ನಾಲ್ಕು ದಿನ.

ನೀವು ಮರುಪ್ರಶ್ನೆ ಕೇಳಲಿಲ್ಲ. ಅಂಗಡಿಯಾಚೆಗಿನ ತಿರುವಿನ ಕಡೆಗೆ ಸ್ವಲ್ಪ ಹೊತ್ತು ನೋಡಿದಿರಿ. "ಸರಿ. ಬಂದ್ ಅಂದ ಮೇಲೆ ಎಂತ ಮಾಡುವುದು? ಬರುವ ವರ್ಷ ಬರುವ" ಎಂದು ಗ್ಲೌಸು ಹಾಕಿಕೊಂಡಿರಿ. ನಿಮ್ಮ ತುಟಿ ನೀಲಿಯಾಗಿತ್ತು, ನಿಮ್ಮ ಒಳ್ಳೆಯದಕ್ಕೇ ಹಾಗೆ ಹೇಳಿದೆ ಎಂದು ನಾನು ಬಹಳ ಕಾಲ ನನಗೆ ಸಮಜಾಯಿಷಿ ಕೊಟ್ಟುಕೊಂಡಿದ್ದೆ. ನಿಮ್ಮ ತುಟಿ ಸರಿಯಾಗಿಯೇ ಇತ್ತು. ಹೆದರಿದ್ದು ನಾನು.

ಫಳ್ನೀರಿನ ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ, ಅದೇ ವರ್ಷ ಮಳೆಗಾಲದಲ್ಲಿ, ನೀವು ಮೂಗಿನ ಕೊಳವೆಯನ್ನು ಬದಿಗೆ ಸರಿಸಿ ನನ್ನನ್ನು ಹತ್ತಿರ ಕರೆದಿರಿ. "ಈ ಸಲ ರಸ್ತೆ ಓಪನ್ ಇರ್ತದಲ್ಲ?"

"ಉಂಟು ಭಾವ, ಈ ಸಲ ಓಪನ್ ಉಂಟು" ಎಂದೆ.

ಅಂದೇ ಬಾಯಿ ಬಿಡಬಹುದಿತ್ತು. ಅಲ್ಲಿ ಡಾಕ್ಟರಿದ್ದರು, ಅಕ್ಕ ಇದ್ದಳು, ನಾಳೆ ಹೇಳುವ ಎಂದು... ನಾಳೆ ನೀವಿರಲಿಲ್ಲ.

ಹೋದ ಆಟಿ ತಿಂಗಳಲ್ಲಿ, ತೀರಿಹೋದವರಿಗೆ ಎಡೆ ಇಡುವ ದಿನ, ನಿಮಗೆ ಬಡಿಸಿದ ಸಂಜೆಯನ್ನು ನೀವು ನೋಡಿದ್ದರೆ ನಾನು ಹೇಳಬೇಕಾಗಿಲ್ಲ. ಬಾಳೆಲೆ ಹಾಸಿ, ಕೋರಿ ರೊಟ್ಟಿ ಇಟ್ಟು, ನಿಮ್ಮ ಗ್ಲಾಸೂ ಇಟ್ಟು, ನಿಮ್ಮನ್ನು ಕರೆದು ನಾಲ್ಕು ಮಾತಾಡುವ ಕೆಲಸವನ್ನು ಎಲ್ಲರೂ ಸೇರಿ ನನಗೇ ಕೊಟ್ಟರು. ಮಾತು ನನ್ನ ವಿಭಾಗವಲ್ಲವೇ? ಎಲೆಯ ಮುಂದೆ ಕೈ ಮುಗಿದು ನಿಂತೆ. "ಭಾವ" ಎಂದೆ. ಮುಂದಕ್ಕೆ ಒಂದಕ್ಷರ ಹೊರಡಲಿಲ್ಲ. ಕೊನೆಗೆ ಚಿಕ್ಕಪ್ಪ ನನ್ನನ್ನು ಬದಿಗೆ ಸರಿಸಿ, ಬಂದು ಉಂಡು ಹರಸಿ ಎಂದು ಹೇಳಿ ಬಾಗಿಲು ಮುಚ್ಚಿದರು.

ಅಕ್ಕ ನನ್ನನ್ನು ಅಡುಗೆಮನೆಗೆ ಕರೆದಳು. "ಹೊರಟ ಗಿರಾಕಿಯನ್ನು ಮೆಟ್ಟಲಿಂದ ವಾಪಸು ಕರೆದು ಫ್ರಿಜ್ ಕೊಟ್ಟು ಕಳಿಸುವವ ನೀನು. ಅವರ ಹತ್ತಿರ ಹೇಳಲಿಕ್ಕೆ ಎರಡು ಮಾತು ಇಲ್ಲವಾ?"

ಆಗ ಹೇಳಿದೆ. ಚಹಾದಂಗಡಿ, ಹನ್ನೊಂದು ಕಿಲೋಮೀಟರು, ಎಲ್ಲ. ಅಕ್ಕ ಕೈಯಲ್ಲಿದ್ದ ಸೌಟನ್ನು ಪಾತ್ರೆಯ ಮೇಲೆ ಅಡ್ಡ ಇಟ್ಟಳು. ಆಸ್ಪತ್ರೆಗೆ ಬಂದವರಿಗೆಲ್ಲ ರಸ್ತೆ ಬಂದ್ ಆದ ಕತೆಯನ್ನು ನೀವು ಎಷ್ಟು ಖುಷಿಯಲ್ಲಿ ಹೇಳುತ್ತಿದ್ದಿರಿ ಎಂದು ನೆನಪಿಸಿದಳು. ಹೇಳಿದಷ್ಟು ಸಲವೂ ಹಿಮ ಇನ್ನೊಂದು ಆಳೆತ್ತರ ಏರುತ್ತಿತ್ತಂತೆ. ಕೊನೆಗೆ ಅವಳು ಅಂದದ್ದು: "ನನಗೆ ಹೇಳಿ ಎಂತ ಪ್ರಯೋಜನ? ಹೋಗು, ನೋಡಿ ಬಾ. ಅವರಿಗೆ ಹೇಳು. ನಿನ್ನ ಅಂಗಡಿಯ ಮಾತು ಬೇಡ, ಕಂಡದ್ದು ಹೇಳು." ಅನಂತರ ಐದು ತಿಂಗಳು ಅವಳು ನನ್ನ ಫೋನು ತೆಗೆಯಲಿಲ್ಲ.

ಹಾಗಾಗಿ ಭಾವ, ಈ ಜನವರಿಯಲ್ಲಿ ಒಬ್ಬನೇ ಹೋದೆ. ದಾರಿಯ ಲೆಕ್ಕ ಬೇಡ, ಅದು ನೀವು ನೋಡಿದ ದಾರಿ. ನೀವು ನೋಡದ್ದನ್ನು ಮಾತ್ರ ಬರೆಯುತ್ತೇನೆ.

ಚಹಾದಂಗಡಿ ದಾಟಿದ ಮೇಲೆ ರಸ್ತೆ ಎಡಕ್ಕೆ ತಿರುಗುತ್ತದೆ. ನೀವು ಅಂದು ನೋಡುತ್ತ ನಿಂತ ತಿರುವು ಅದೇ. ಅದರಾಚೆ ಗಾಳಿ ಥಟ್ಟನೆ ನಿಲ್ಲುತ್ತದೆ. ಎರಡನೆಯ ಕಿಲೋಮೀಟರಿನಲ್ಲಿ ಒಂದು ಮುರಿದ ಗೋಡೆ, ಅದರ ಮೇಲೆ ಬಿಸಿಲು ಕಾಯಿಸುತ್ತ ಮೂರು ಕಪ್ಪು ಹಕ್ಕಿ. ನಾಲ್ಕರಲ್ಲಿ ಮೊದಲ ಮಂಜುಗಡ್ಡೆ, ಉದ್ದ ಇಪ್ಪತ್ತು ಹೆಜ್ಜೆ. ಎರಡೂ ಕಾಲು ನೆಲಕ್ಕೆ ಕೊಟ್ಟು ಬಾತುಕೋಳಿಯ ಹಾಗೆ ದಾಟಿದೆ. ಐದರಿಂದ ಏಳರವರೆಗೆ ಹೇಳುವಂಥದ್ದು ಏನೂ ಇಲ್ಲ. ಒಂದೇ ಬಣ್ಣದ ಬೆಟ್ಟ, ಎಷ್ಟು ಹೊತ್ತು ಓಡಿಸಿದರೂ ನಿಂತಲ್ಲೇ ಇದ್ದಂತೆ. ನಾನು ಬೈಕು ಬಿಡುತ್ತಿದ್ದೇನೋ ಬೆಟ್ಟವೇ ಮೆಲ್ಲಗೆ ನನ್ನನ್ನು ಹಿಂದಕ್ಕೆ ದಾಟಿಸುತ್ತಿತ್ತೋ? ಒಂದೆರಡು ಸಲ ನೀವು ಮುಂದಿದ್ದೀರೆಂದೇ ತಿಳಿದು ನಿಮ್ಮ ಅಂದಾಜಿಗೆ ಬೈಕನ್ನು ನಿಧಾನ ಮಾಡಿದೆ. ಎಂಟರಲ್ಲಿ ಎರಡನೆಯ ಮಂಜುಗಡ್ಡೆ. ಅಲ್ಲಿ ಬಿದ್ದೆ. ಎತ್ತಲು ಯಾರೂ ಇರಲಿಲ್ಲ, ನಾನೇ ಎದ್ದೆ, ಬೈಕನ್ನು ಎತ್ತಲು ಮೂರು ಪ್ರಯತ್ನ ಬೇಕಾಯಿತು. ಹನ್ನೊಂದು ಕಿಲೋಮೀಟರಿಗೆ ಒಂದು ಗಂಟೆ ಹತ್ತು ನಿಮಿಷ. ನೀವಾಗಿದ್ದರೆ ಅರ್ಧ ಗಂಟೆ.

ಹಳ್ಳಿಯಲ್ಲಿ ಹದಿನಾಲ್ಕು ಮನೆ. ಎಲ್ಲ ಛಾವಣಿಗಳ ಮೇಲೂ ಹುಲ್ಲಿನ ಹೊರೆ. ಮೊದಲ ಮನೆಯ ಅಜ್ಜ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಸಮುದ್ರದ ಊರಿನಿಂದ ಇಲ್ಲಿಗೆ ನೀರು ನೋಡಲು ಬಂದೆಯಾ ಎಂದು ಕೇಳಿ ನಕ್ಕ. ಅವನೇ ಕೈ ಹಿಡಿದು ದಂಡೆಗೆ ಇಳಿಸಿದ.

ಕುಳಿತು ನೋಡಿದೆ. ದಂಡೆಯ ಹತ್ತಿರ ನದಿ ನಿಂತಿತ್ತು. ನೀವು ಹೇಳಿದ ಹಾಗೆಯೇ, ಅಲೆ ಏಳುತ್ತಿದ್ದ ಭಂಗಿಯಲ್ಲೇ ಕಲ್ಲಾಗಿ, ಬಿಳಿಯೂ ನೀಲಿಯೂ ಅಲ್ಲದ ಒಂದು ಬಣ್ಣದಲ್ಲಿ. ಅದರ ಮೇಲೆ ಹತ್ತು ಹೆಜ್ಜೆ ನಡೆದೆ. ಈ ವರ್ಷ ಚಳಿ ಕಡಿಮೆ ಎಂದ ಅಜ್ಜ. ಪೂರ್ತಿ ನಿಂತಿತ್ತು ಎಂದು ಬರೆಯಲು ನನಗೆ ಎಷ್ಟು ಹೊತ್ತು ಬೇಕು, ಹೇಳಿ? ಆದರೆ ನಡುವಿನಲ್ಲಿ, ಒಂದು ಮೊಳ ಅಗಲಕ್ಕೆ, ಹರಿಯುತ್ತಿತ್ತು ಭಾವ.