ನಿಕ್ತೆಯ ಹರಿವಾಣ

ದಿನ: ನಮ್ಮ ಪಂಚಾಂಗದ ಆರು ಕಾನ್, ಸಂಜೆ

ಕೇಳಿರಯ್ಯಾ, ಕೇಳಿರಿ! ನದಿಯ ಕೆಳದಂಡೆಯಲ್ಲಿ, ನನ್ನ ಹೆಂಡತಿಯ ತವರಿನ ಅಂಗಳದಲ್ಲಿ ನೆರೆದ ಅತ್ತೆಯರೇ, ಭಾವಂದಿರೇ, ಬೇಲಿಯಾಚೆ ಕಿವಿ ನಿಮಿರಿಸಿದ ನೆರೆಯವರೇ! ಮರದ ತೊಗಟೆಯ ಮೇಲೆ ಈ ಓಲೆ ಬರೆದವನು ನಾನು, ಓದಿ ಹೇಳುವವನು ಬೊಲೊನಣ್ಣ. ನಿಮ್ಮ ಊರಿನಲ್ಲಿ ಓದು ಬಲ್ಲವನು ಅವನೊಬ್ಬನೇ. ಹಾಗಾಗಿ ಗಂಡ ಹೆಂಡತಿಗೆ ಬರೆದ ಓಲೆಗೂ ಊರೆಲ್ಲ ಸಭೆ ಕೂಡುತ್ತದೆ. ಕೂಡಲಿ. ಮಳೆದೇವರ ವೇಷ ಕಟ್ಟಿ ಅರಮನೆಯ ಮೆಟ್ಟಿಲ ಮೇಲೆ ಗುಡುಗಿದ ಈ ಸಾಕ್ ಮೋ ಸಭೆಗೆ ಅಂಜಿದವನಲ್ಲ!

ಮುಯಾಲ್, ನನ್ನವಳೇ,

ನಮ್ಮ ಮಗಳು ನಿಕ್ತೆ ಮೊನ್ನೆ ಜ್ವರದಲ್ಲಿ ತೀರಿಕೊಂಡಳೆಂದು ಹೇಳಿಕಳಿಸಿದ್ದೆ. ನಿನ್ನ ಉತ್ತರ ಇಂದು ದೋಣಿಯವನ ಬಾಯಲ್ಲಿ ಬಂತು. ಅವನು ನಿನ್ನ ದನಿಯಲ್ಲೇ ಹೇಳಿದ: “ಕಾಲು ಮುರ್ಕೊಂಡು ಬಿದ್ದಿದೀನಿ, ದೋಣಿ ಹತ್ತೋಕಾಗಲ್ಲ ರೀ. ಅವಳ ಮದುವೆಗೆ ಅಂತ ಮಾಡಿದ ಹರಿವಾಣಕ್ಕೆ ತೂತು ಹಾಕ್ಬೇಡಿ. ಇಡಿಯಾಗಿ ನನಗೆ ಕಳಿಸಿ. ಒಂದ್ಸಲ ಮಡಿಲಲ್ಲಿ ಇಟ್ಕೋತೀನಿ.”

ಬೇರೇನು ಕೇಳಿದ್ದರೂ ಕೊಡುತ್ತಿದ್ದೆ. ಇದನ್ನು ಕೊಡಲಾರೆ.

ಸತ್ತವರ ಮುಖದ ಮೇಲೆ ಅವರ ತಟ್ಟೆ ಕವುಚಬೇಕು. ಕವುಚುವ ಮೊದಲು ನಟ್ಟನಡುವೆ ತೂತು ಕೊರೆದು ತಟ್ಟೆಯ ಉಸಿರನ್ನೂ ಬಿಡಿಸಬೇಕು. ಇಲ್ಲವಾದರೆ ತಟ್ಟೆ ಇಲ್ಲೇ ಉಳಿಯುತ್ತದೆ, ನಿಕ್ತೆ ಕೆಳಲೋಕದಲ್ಲಿ ಬರಿಗೈಯಲ್ಲಿ ಕೂರುತ್ತಾಳೆ. ಕೊರೆಯಬೇಕಾದವನು ಮಾಡಿದವನೇ. ಎಷ್ಟು ದೊರೆಗಳ ತಟ್ಟೆ ಕೊರೆದಿಲ್ಲ ನಾನು! ಇಂದು ನಮ್ಮ ಮನೆಯೊಳಗೆ, ಅವಳು ಮಲಗುತ್ತಿದ್ದ ಕಟ್ಟೆಯ ಪಕ್ಕದಲ್ಲೇ, ಅವಳ ಕುಳಿಗೆ ನೆಲ ಅಗೆದಿದ್ದಾರೆ. ಅಗೆಯುವವನೊಬ್ಬ ಕೇಳಿದ: “ಏನ್ ಮೋ ಅಣ್ಣಾ, ಮಂದಿ ತಟ್ಟೆ ಆದ್ರೆ ಪದ ಹೇಳ್ಕೊಂಡು ತೂತು ಹೊಡೀತಿದ್ದೆ. ಇವತ್ತು ಬೈರಿಗೆ ಮೊಂಡಾಯ್ತಾ?” ನಾನು ಬೈರಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಟ್ಟೆ.

ಸಭೆಯವರೇ, ಹರಿವಾಣ ಹೇಗಿದೆ ಕೇಳಿ! ಮೂರು ಕಾಲು, ಕೆಂಪು ಅಂಚು, ಅಂಚಿನ ಸುತ್ತ ‘ಇದು ನಿಕ್ತೆಯ ಕಡುಬಿನ ತಟ್ಟೆ’ ಎಂಬ ಬರಹ. ಒಳಗೆ ಹಸಿರು ಗರಿ ಕಟ್ಟಿದ ಜೋಳದೇವರು ಬಾಗಿ ಕುಣಿಯುತ್ತಾನೆ. ಅವನ ಮುಖ ನಟ್ಟನಡುವೆ. ಬಣ್ಣ ಹಸಿಯಾಗಿದ್ದಾಗ ಮುಯಾಲ್ ನೋಡಿ ಕಿರುಚಿದ್ದಳು: “ಇದು ನಿಕ್ತೆ ಮುಖ ಅಲ್ವೇನ್ರೀ! ವರ್ಷವರ್ಷ ಕೊಯ್ಲಿಗೆ ತಲೆ ಕೊಡೋ ದೇವ್ರಿಗೆ ಹೆತ್ತ ಮಗಳ ಮುಖ ಇಡ್ತೀರಾ? ಒರೆಸಿ ಮೊದ್ಲು!” ಒರೆಸುವ ತನಕ ಈ ಮನೆಯಲ್ಲಿ ಇರುವುದಿಲ್ಲವೆಂದು ತವರಿಗೆ ಹೊರಟೇಹೋದಳು. ಒರೆಸಿ, ಬೇರೆ ಮುಖ ಬರೆದೇ ಆವಿಗೆಗೆ ಇಟ್ಟು ಸುಟ್ಟೆನೆಂದು ಆಗಲೇ ಹೇಳಿಕಳಿಸಿದ್ದೆ. ಹಿಂತಿರುಗುವ ಮೊದಲೇ ಅವಳ ಕಾಲು ಮುರಿಯಿತಂತೆ. ಇಂದು ನಿಮ್ಮೆಲ್ಲರ ಮುಂದೆಯೂ ಅದನ್ನೇ ಹೇಳುತ್ತೇನೆ.

ಮುಯಾಲ್, ಜೋಳದೇವರು ಮತ್ತೆ ಮೊಳೆಯುತ್ತಾನೆಂದು ವರ್ಷವರ್ಷವೂ ಮೆಟ್ಟಿಲ ಮೇಲೆ ನಿಂತು ಕೂಗಿದವನು ನಾನು. ನಿನ್ನೆ ನಿಕ್ತೆಯ ಬಾಯಲ್ಲಿ ಜೋಳದ ಕಾಳು ಇಡುವಾಗ ಆ ಮಾತು ನೆನಪಾಯಿತು. ನಂಬಿಕೆ ಮಾತ್ರ ಬರಲಿಲ್ಲ. ಅವನು ಮೊಳೆಯಲಿ. ನಮ್ಮ ಮನೆಯ ನೆಲದಿಂದ ಏನೂ ಮೊಳೆಯುವುದಿಲ್ಲ.

ಇಂತಿ,
ನಿನ್ನ ಗಂಡ, ಕುಂಚದ ಕಸುಬಿನ
ಸಾಕ್ ಮೋ

ಮರೆತ ಮಾತು: ಬೊಲೊನಣ್ಣಾ, ಇಲ್ಲಿಂದ ಮುಂದಿನದನ್ನು ಸಭೆಗೆ ಓದಬೇಡ. ಅವಳ ಕಿವಿಗೆ ಬಾಯಿಟ್ಟು ಹೇಳು.

ಮರೆತಿರಲಿಲ್ಲ, ಮುಯಾಲ್. ನಾನು ಒರೆಸಲಿಲ್ಲ. ಒದ್ದೆ ಬಟ್ಟೆ ಕೈಯಲ್ಲೇ ಇತ್ತು. ನಿಕ್ತೆ ಹೆಗಲ ಮೇಲಿಂದ ಇಣುಕಿ, “ಅಪ್ಪಾ, ನನ್ನ ಮೂಗು ಇಷ್ಟು ಚೆಂದ ಇದ್ಯಾ? ಅಮ್ಮಂಗೆ ಒರೆಸಿದೆ ಅಂದ್ಬಿಡು. ಮದುವೆ ದಿನ ಮೇಲೆ ಕಡುಬು ಇಟ್ರೆ ಯಾರಿಗೆ ಕಾಣತ್ತೆ?” ಎಂದು ನಕ್ಕಳು. ನಾನೂ ನಕ್ಕೆ. ಪದ್ಧತಿಯ ಮಾತು ಸುಳ್ಳಲ್ಲ. ಆದರೆ ಹರಿವಾಣ ಕಳಿಸದಿರಲು ಕಾರಣ ಪದ್ಧತಿಯಲ್ಲ, ಆ ಮುಖ ನಿನ್ನ ಕಣ್ಣಿಗೆ ಬೀಳುತ್ತದೆಂಬ ಅಂಜಿಕೆ. ಸಹಿ ಹಾಕಿದ ಮೇಲೆ ಆ ಸುಳ್ಳನ್ನು ಇಟ್ಟುಕೊಂಡು ಅವಳ ಕುಳಿಯ ಪಕ್ಕ ಕೂರಲಾಗಲಿಲ್ಲ. ಜ್ವರ ಜ್ವರವಾಗಿಯೇ ಬಂತೋ, ದೇವರು ತನ್ನ ಮುಖ ಕೇಳಿಕೊಂಡು ಬಂದನೋ, ನನಗೆ ಗೊತ್ತಿಲ್ಲ. ನೀನು ಏನೆನ್ನುತ್ತೀಯೆಂಬುದು ಗೊತ್ತು.

ನಾಳೆ ಬೆಳಿಗ್ಗೆ ಹರಿವಾಣವನ್ನು ನಾನೇ ಮಡಿಲಲ್ಲಿ ಇಟ್ಟುಕೊಳ್ಳುತ್ತೇನೆ. ಆ ಮೂಗಿನ ಮೇಲೆ ಬೈರಿಗೆ ಊರಿ ತಿರುವುತ್ತೇನೆ. ಪದ ಹೇಳುವುದಿಲ್ಲ.