ಅಮ್ಮ ಇಬ್ಬರಾಗಿ ಬರಬೇಕಂತೆ

ಪೌರತ್ವ ಕಚೇರಿಯ ಮುಖ್ಯಾಧಿಕಾರಿಗಳೇ,

ನನ್ನ ತಾಯಿ ಜೈತೂನ್ ಅವರನ್ನು ಇಬ್ಬರಾಗಿ ಕರೆತರಬೇಕೆಂದು ತಾವು ಲಿಖಿತವಾಗಿ ಆದೇಶಿಸಿದ್ದೀರಿ. ಮಗನಾದ ನನ್ನಿಂದ ಅದು ಸಾಧ್ಯವಾಗಿಲ್ಲವೆಂದು ವಿಷಾದದಿಂದ ತಿಳಿಸುತ್ತೇನೆ.

ಗೋಲೋಕ್ ನದಿಯ ಈಚೆಗೆ ಮಲೇಷ್ಯಾ, ಆಚೆಗೆ ಥಾಯ್ಲೆಂಡ್. ನಡುವೆ ದೋಣಿಯಲ್ಲಿ ಎರಡು ನಿಮಿಷ. ಮಗು ಹುಟ್ಟಿದರೆ ಎರಡೂ ದಡದಲ್ಲಿ ಹೆಸರು ಬರೆಸುವುದು ನಮ್ಮಲ್ಲಿ ತೊಟ್ಟಿಲು ಕಟ್ಟಿದಷ್ಟೇ ಸಹಜ. ಅಜ್ಜ ಈಚೆ ಜೈತೂನ್ ಎಂದು ಬರೆಸಿದರು. ಆಕೆಗೆ ಈಗ ಎಪ್ಪತ್ತೊಂದು. ಆಚೆ ಬರೆಸಬೇಕಿದ್ದ ಅಜ್ಜಿಯ ತಮ್ಮ ಮರೆತುಬಿಟ್ಟು, ಮೂರು ವರ್ಷದ ಮೇಲೆ ಆಗಷ್ಟೇ ಹುಟ್ಟಿದ ಕೂಸೆಂದು ಬರೆಸಿದ. ಅಲ್ಲಿನವರು ಸುದಾ ಎಂಬ ಥಾಯ್ ಹೆಸರಿಟ್ಟರು. ಆಕೆಗೆ ಅರವತ್ತೆಂಟು. ನಮ್ಮ ಗದ್ದೆ ಆಚೆ, ಮನೆ ಈಚೆ. ಅಮ್ಮ ಬೆಳಿಗ್ಗೆ ಸುದಾ ಆಗಿ ನಾಟಿಗೆ ಹೋಗಿ, ಸಂಜೆ ಜೈತೂನ್ ಆಗಿ ಬಂದು ಅನ್ನಕ್ಕಿಡುತ್ತಿದ್ದರು. ಇದರಿಂದ ಯಾವ ದೇಶ ಮುಳುಗಿತು, ಸ್ವಾಮಿ?

ಹದಿನೆಂಟು ವರ್ಷ ಕಾದ ಮೇಲೆ ಈಗ ಅಮ್ಮನ ಹಜ್ ಯಾತ್ರೆಯ ಸರದಿ ಬಂದಿದೆ. ಮುಂದಿನ ತಿಂಗಳು ವಿಮಾನ. ಪಾಸ್‌ಪೋರ್ಟ್ ಬೇಕಾದರೆ ಆಚೆಯ ಪೌರತ್ವ ಬಿಡಬೇಕು ಎಂದಿರಿ, ಒಪ್ಪಿದೆವು. ಬಿಡಲು, ಜೈತೂನ್ ಮತ್ತು ಸುದಾ ಒಬ್ಬರೇ ಎಂದು ಸಾಬೀತಾಗಬೇಕು ಎಂದಿರಿ. ಅದಕ್ಕಾಗಿ ಇಬ್ಬರೂ ಒಟ್ಟಿಗೆ ಹಾಜರಾಗಿ, ತಾವು ಒಬ್ಬರೇ ಎಂದು ಸಹಿ ಮಾಡಬೇಕಂತೆ. ಈ ವಾಕ್ಯ ಬರೆದವರಿಗೆ ಬಡ್ತಿ ಸಿಕ್ಕಿತೇ?

ಮೊನ್ನೆ ಅಮ್ಮನನ್ನು ಕರೆತಂದೆ. ತಮ್ಮ ಗುಮಾಸ್ತರು ಜೈತೂನ್ ಹೆಸರಿನ ಕಾರ್ಡು ನೋಡಿ, ಇನ್ನೊಬ್ಬರು ಎಲ್ಲಿ ಎಂದು ಕೇಳಿದರು.

“ಹೊರಗಡೆ ಇದ್ದಾಳಪ್ಪ. ಕಳಿಸ್ಲಾ?” ಎಂದು ಅಮ್ಮ ಎದ್ದು ಹೋದರು. ತಲೆವಸ್ತ್ರ ಬೇರೆ ರೀತಿ ಸುತ್ತಿಕೊಂಡು, ಸುದಾ ಹೆಸರಿನ ಕಾರ್ಡು ಹಿಡಿದು ಬಂದು ಅದೇ ಕುರ್ಚಿಯಲ್ಲಿ ಕುಳಿತರು.

ಗುಮಾಸ್ತರು ಗಂಭೀರವಾಗಿ ಬರೆದುಕೊಂಡು, “ಸರಿ, ಆ ಮೊದಲ್ನೋರು ಈಗ ಎಲ್ಲಿ ಹೋದ್ರು?” ಎಂದರು. ಕಡತದಲ್ಲಿ ತಮ್ಮ ಷರಾ ಹೀಗಿದೆ: ‘ಇಬ್ಬರೂ ಬಂದರು, ಒಟ್ಟಿಗೆ ಬರಲಿಲ್ಲ.’

ಕೊನೆಗೆ ಗುಮಾಸ್ತರೇ ಮರುಕಪಟ್ಟು ಒಂದು ಅಡ್ಡದಾರಿ ತೋರಿಸಿದರು. ಸುದಾ ಎಂಬ ವ್ಯಕ್ತಿ ಇರಲೇ ಇಲ್ಲ ಎಂಬ ನಮೂನೆಗೆ ಹೆಬ್ಬೆಟ್ಟು ಒತ್ತಿದರೆ ಪಾಸ್‌ಪೋರ್ಟ್ ಅಂದೇ ಕೈಗೆ. ಅಮ್ಮ ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡರು, ಒತ್ತಲಿಲ್ಲ. ನನ್ನ ತಂದೆ ಆಚೆ ದಡದವರು. ಸಾಯುವ ದಿನದವರೆಗೂ ಅವರು ಅಮ್ಮನನ್ನು ಕರೆದದ್ದು ಸುದಾ ಎಂದೇ.

“ಹಂಗಾದ್ರೆ ನಿಮ್ಮಪ್ಪ ಯಾರ್ ಜೊತೆ ಸಂಸಾರ ಮಾಡಿದ್ರು?” ಎಂದರು ಅಮ್ಮ. “ಈ ಸುಳ್ಳು ಹೇಳ್ಬಿಟ್ಟು ಮೆಕ್ಕಾಗೆ ಹೋಗ್ಲಾ?”

ಮಸಿಯನ್ನು ತಲೆವಸ್ತ್ರದ ತುದಿಗೆ ಒರೆಸಿಕೊಂಡು ಎದ್ದರು. ಅಲ್ಲಿಯವರೆಗೆ ನಗುತ್ತಿದ್ದ ನನಗೆ ಅಳು ಬಂತು.

ಆದ್ದರಿಂದ ನನ್ನ ಒತ್ತಾಯ ಇಷ್ಟು. ಆಚೆಯ ಪೌರತ್ವ ಬಿಡಲು ಅಮ್ಮ ಇಂದಿಗೂ ಸಿದ್ಧ. ಆ ನಮೂನೆಯಲ್ಲಿ ‘ಇರಲೇ ಇಲ್ಲ’ ಎಂಬುದನ್ನು ಹೊಡೆದುಹಾಕಿ, ‘ಇದ್ದಳು, ಇವಳೇ ಅವಳು’ ಎಂದು ತಾವು ಕೈಯಾರೆ ಬರೆಯಿರಿ. ಅಮ್ಮ ಅದಕ್ಕೆ ಹೆಬ್ಬೆಟ್ಟು ಒತ್ತುತ್ತಾರೆ. ವಿಮಾನ ಹೊರಡುವ ಮೊದಲು ಪಾಸ್‌ಪೋರ್ಟ್ ಕೊಡಿ. ಅವರ ಪೆಟ್ಟಿಗೆ ಬಾಗಿಲ ಬಳಿ ಕಟ್ಟಿಟ್ಟಿದೆ. ಬೇಕಾದರೆ ಬಂದು ಎಣಿಸಿಕೊಳ್ಳಿ, ಒಂದೇ ಇದೆ.

ಇಂತಿ,
ತಮ್ಮ ಕಡತದ ಪ್ರಕಾರ ಇಬ್ಬರು ತಾಯಂದಿರು ಹೆತ್ತ ಒಬ್ಬನೇ ಮಗ,
ವಾನ್ ರೆಮ್ಲಿ
(ಸದ್ಯಕ್ಕೆ ಈಚೆ ದಡದಿಂದ)