ಅವಲಂಬಿತರ ಸಾಲಿನಲ್ಲಿ ಶೆಲ್ಬಿ

ಕಾರ್ಬನ್ ಫೋರ್ಕ್, ಒಹಾಯೊ
ಮಾರ್ಚ್ 11, 2026, ಬುಧವಾರ

ಪ್ರಿಯ ಡ್ವೇನ್,

ಗಂಡ ಎನ್ನುವಂತಿಲ್ಲ, ಗಂಡನಾಗಿದ್ದವನಿಗೆ ಎಂದು ಯಾರೂ ಒಕ್ಕಣೆ ಬರೆಯುವುದಿಲ್ಲ. ಹಾಗಾಗಿ ಬರೀ ಪ್ರಿಯ. ನಿನ್ನ ದಪ್ಪ ಲಕೋಟೆ ಶನಿವಾರ ಬಂತು. ಮೂರು ವರ್ಷದ ಮೇಲೆ ನಿನ್ನ ಕೈಬರಹ ನೋಡಿದೆ, ಇನ್ನೂ ಕೋಳಿ ಕೆದರಿದ ಹಾಗೇ ಇದೆ. ಎರಡು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ದೂರುತ್ತಿಲ್ಲ. ಇಪ್ಪತ್ತೆಂಟು ದಿನ ಕಲ್ಲಿದ್ದಲ ದೋಣಿಗಳನ್ನು ನದಿಯಲ್ಲಿ ತಳ್ಳುತ್ತಾ ಹೋಗುವವನಿಗೆ ಹಳೇ ಹೆಂಡತಿಯ ಫೋನು ಯಾಕೆ ಬೇಕು? ನಿಮ್ಮ ಕಂಪನಿಯ ಆಫೀಸಿನ ಹುಡುಗಿ, ಪಡೂಕಾದಲ್ಲಿ ನಿಮ್ಮ ದೋಣಿಗೆ ದಿನಸಿ ಹತ್ತಿಸುವಾಗ ಈ ಪತ್ರವನ್ನೂ ಕೊಡಿಸುತ್ತೇನೆ ಎಂದಿದ್ದಾಳೆ. ಕೆಲಸದ ಪಾಳಿ ಮುಗಿದ ಮೇಲೆ ಕೂತು ಓದು. ನಿಂತುಕೊಂಡು ಓದಬೇಡ.

ಇಲ್ಲಿ ತೆರಿಗೆಯ ಸುಗ್ಗಿ. ಊರವರ ತೆರಿಗೆ ಅರ್ಜಿ ತುಂಬುವ ನನ್ನ ಅಂಗಡಿ ಅದೇ ಜಾಗದಲ್ಲಿದೆ, ಒಂದು ಕಡೆ ಬಟ್ಟೆ ಒಗೆಯುವ ಯಂತ್ರಗಳ ಗುಡುಗುಡು, ಇನ್ನೊಂದು ಕಡೆ ಡೋನಟ್ ಕರಿಯುವ ವಾಸನೆ. ಮೊನ್ನೆ ಗುಜರಿ ಅಂಗಡಿಯ ಹಾರ್ಲನ್ ಪ್ರುಯಿಟ್ ಒಂದು ಮೂಟೆ ಜೋಳದ ರಸೀದಿಗಳನ್ನು ಮೇಜಿನ ಮೇಲೆ ಸುರಿದ. ಸಾಕಿದ ಹೆಬ್ಬಾತುಗಳ ಮೇವಂತೆ. "ಅರ್ಲೀನ್, ನಾಯಿ ಸಾಕಿದ್ರೆ ಕಾವಲಿನ ಖರ್ಚು ಅಂತ ತೆರಿಗೇಲಿ ಕಳೀತೀಯ. ನನ್ ಬಾತುಗಳೇನು ಪಾಪ ಮಾಡಿದ್ವು? ಹೋದ ವಾರ ಒಬ್ಬ ಕಳ್ಳನ್ನ ಕಾರಿನ ಮೇಲೆ ಹತ್ತಿಸಿ ಬೆಳಗಿನ ತನಕ ಕೂರಿಸಿದ್ವು ಕಣೇ!" ಎಂದ. ಪೊಲೀಸರು ತೆಗೆದ ಫೋಟೋ ಕೂಡ ತಂದಿದ್ದ. ಜೋಳವನ್ನು ಕಾವಲಿನ ಖರ್ಚೆಂದು ಒಪ್ಪಿಕೊಂಡೆ.

ಮಾರನೇ ದಿನ ಬಕ್ ಸ್ಟ್ಯಾಂಪರ್ ತನ್ನ ಅತ್ತೆಯನ್ನೇ ಕರೆದುಕೊಂಡು ಬಂದ. "ಟ್ರ್ಯಾಕ್ಟರ್‌ಗೆ ವರ್ಷ ವರ್ಷ ಸವಕಳಿ ಅಂತ ಕಳೀತಾರಲ್ಲ, ನಮ್ಮತ್ತೆಗೆ ಯಾಕಿಲ್ಲ? ನೀನೇ ನೋಡು, ಸೊಂಟ ಬಗ್ಗಿದೆ, ಕಿವಿ ಪೂರ್ತಿ ಹೋಗಿದೆ" ಅಂದ. ಮುದುಕಿ ಆಮ್ಲಜನಕದ ನಳಿಗೆಯನ್ನು ಮೂಗಿಂದ ಸರಿಸಿ, "ಕಿವಿ ಸರಿಯಾಗೇ ಇದೆ ಕಣಮ್ಮಾ, ಇವನು ಬಾಯಿ ಬಿಟ್ಟಾಗ ಮಾತ್ರ ಕೇಳಲ್ಲ" ಎಂದಳು. ನನಗೆ ನಗು ತಡೆಯಲಾಗಲಿಲ್ಲ. ಆಮೇಲೆ ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ.

ನಿನಗೆ ನೆನಪಿರಬೇಕು. ಈ ತಿಂಗಳುಗಳಲ್ಲಿ ನಾನು ಮನೆಗೆ ಬರುವಷ್ಟರಲ್ಲಿ ನೀನು ಬೀನ್ಸ್ ಬೇಯಿಸಿ, ಜೋಳದ ರೊಟ್ಟಿ ಸುಟ್ಟು, "ಇವತ್ತಿನ ಮಹಾಶಯರು ಯಾರಪ್ಪಾ?" ಎಂದು ಕೇಳುತ್ತಿದ್ದೆ. ನಾನು ಅವರವರ ಬೇಡಿಕೆ ಹೇಳುತ್ತಿದ್ದೆ. ನಮ್ಮ ಪುಟ್ಟ ಶೆಲ್ಬಿ ನ್ಯಾಯಾಧೀಶೆ. ಚಮಚೆಯಿಂದ ಮೇಜು ಕುಟ್ಟಿ "ಕೊಡಿ!" ಇಲ್ಲವೇ "ಕೊಡಬೇಡಿ!" ಎಂದು ತೀರ್ಪು. ನಾಯಿ, ಬೆಕ್ಕು, ಕುದುರೆಯ ಖರ್ಚು ಯಾರು ತಂದರೂ ಕೊಡಿ. ಸತ್ತ ಚಿಕ್ಕಮ್ಮನಿಗೆ ಹಾಕಿದ ಹೂವಿನ ಖರ್ಚು ಕಳೆಯಲು ಬಂದವನಿಗೂ ಕೊಡಿ ಎಂದಿದ್ದಳು. ಕಾನೂನು ಕೊಡುವುದಿಲ್ಲ ಎಂದಾಗ ನನ್ನ ಜೊತೆ ಮಾರನೇ ದಿನದ ಊಟದವರೆಗೂ ಮಾತು ಬಿಟ್ಟಿದ್ದಳು.

ಸರಿ, ಮೀನಮೇಷ ಎಣಿಸುವುದು ಸಾಕು. ನಿನ್ನ ಕಾಗದಗಳ ವಿಷಯಕ್ಕೆ ಬರುತ್ತೇನೆ.

ಶೆಲ್ಬಿ ಸತ್ತಿದ್ದಾಳೆಂದು ಕೋರ್ಟು ಘೋಷಿಸಬೇಕು, ಅದಕ್ಕೆ ತಾಯಿಯ ಸಹಿ ಬೇಕು ಎಂದು ಬರೆದಿದ್ದೀಯ. ಮಗು ಶಾಲೆಯಿಂದ ಮನೆಗೆ ಬಾರದೆ ಒಂಬತ್ತೂವರೆ ವರ್ಷವಾಯಿತು, ಇನ್ನು ಕಾಯಲಾರೆ, ಹೋಗಿ ನಿಂತುಕೊಳ್ಳಲು ಒಂದು ಕಲ್ಲಾದರೂ ಬೇಕು ಎಂದಿದ್ದೀಯ. ನಿಮ್ಮಮ್ಮನ ಸಮಾಧಿಗೂ ನಿನ್ನ ತಮ್ಮ ಕ್ಲೀಟ್‌ನ ಸಮಾಧಿಗೂ ನಡುವೆ ಒಂದು ಜಾಗ ಖಾಲಿ ಇದೆ, ಕಲ್ಲು ಕೆತ್ತುವವನಿಗೆ ಮುಂಗಡ ಕೊಟ್ಟಾಯಿತು ಎಂದೂ ಬರೆದಿದ್ದೀಯ. ಕೊನೆಗೆ ಒಂದು ಮಾತು: "ನೀನು ಸಹಿ ಹಾಕಲ್ಲ ಅಂತ ಗೊತ್ತು. ವರ್ಷಕ್ಕೆ ಎರಡು ಸಾವಿರ ಡಾಲರ್ ತೆರಿಗೆ ವಿನಾಯಿತಿಗಾಗಿ ಮಗೂನ ಕಾಗದದ ಮೇಲೆ ಜೀವಂತ ಇಟ್ಟುಕೊಂಡಿದ್ದೀಯ." ಅದನ್ನು ಓದಿ ನಿನ್ನ ಮುಖಕ್ಕೆ ಏನಾದರೂ ಎಸೆಯಬೇಕೆನ್ನಿಸಿತು. ಮುಖ ಹತ್ತಿರದಲ್ಲಿರಲಿಲ್ಲ.

ನೀನು ಎಂದೂ ಆ ನಿಯಮವನ್ನು ಪೂರ್ತಿ ಕೇಳಲಿಲ್ಲ, ಈಗ ಕೇಳು. ಮಗುವನ್ನು ಯಾರೋ ಎತ್ತಿಕೊಂಡು ಹೋಗಿದ್ದರೆ, ಅದಕ್ಕೆ ಹದಿನೆಂಟು ತುಂಬುವವರೆಗೂ ತಂದೆತಾಯಿ ತೆರಿಗೆಯ ಅರ್ಜಿಯಲ್ಲಿ ಅದರ ಹೆಸರನ್ನು ಅವಲಂಬಿತರ ಸಾಲಿನಲ್ಲಿ ಬರೆದು ವಿನಾಯಿತಿ ಪಡೆಯಬಹುದು. ಮಗು ಮನೆಯಲ್ಲೇ ಇದೆ ಎಂದು ಸರ್ಕಾರ ಭಾವಿಸುತ್ತದೆ. ಒಂದೇ ಷರತ್ತು, ಒಯ್ದವನು ಮನೆಯವನಲ್ಲ, ಬಂಧುವೂ ಅಲ್ಲ ಎಂದು ಪೊಲೀಸರು ನಂಬಿರಬೇಕು. ನನ್ನ ಅಂಗಡಿಗೆ ಬಂದ ವಿಚಿತ್ರ ಬೇಡಿಕೆಗಳಲ್ಲೆಲ್ಲ ಹೆಚ್ಚು ವಿಚಿತ್ರವಾದದ್ದು ನನ್ನದೇ. ಶಾಲೆಯವರು ಹಾಜರಿ ಪುಸ್ತಕದಿಂದ ಹೆಸರು ತೆಗೆದರು, ದಂತವೈದ್ಯರು ಕಡತ ಮುಚ್ಚಿದರು, ಗ್ರಂಥಾಲಯದವರು ಕಾರ್ಡು ರದ್ದು ಮಾಡಿದರು. ನೀನೂ ಹೊರಟೆ. ಶೆಲ್ಬಿ ಈ ಮನೆಯ ಮಗು ಎಂದು ಒಪ್ಪಿಕೊಳ್ಳುತ್ತಿದ್ದದ್ದು ಇಡೀ ದೇಶದಲ್ಲಿ ಆ ಒಂದು ಹಾಳೆ ಮಾತ್ರ. ಪ್ರತಿ ವರ್ಷ ಅವಳ ಹೆಸರು, ಹುಟ್ಟಿದ ದಿನ, ನನಗೆ ಏನಾಗಬೇಕು ಎಂಬಲ್ಲಿ "ಮಗಳು" ಎಂದು ನಿಧಾನವಾಗಿ, ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೆ.

ದುಡ್ಡಿನ ಲೆಕ್ಕವೂ ಬೇಕೇ? ಮೊದಲ ವರ್ಷದ್ದು ಟ್ರಕ್ಕಿನ ಬ್ರೇಕಿಗೂ ನಿನ್ನ ಹಲ್ಲಿಗೂ ಹೋಯಿತು. ಆಮೇಲೆ ಕೆಂಟಕಿಯವರೆಗೂ ಅವಳ ಚಿತ್ರ ಅಂಟಿಸಿದೆ. ಒಂದು ವರ್ಷ ಸೋಫಾ ಕೊಂಡೆ. ಹೌದು, ಸೋಫಾ. ಹೋದ ಜೂನ್‌ನಲ್ಲಿ ಅವಳಿಗೆ ಹದಿನೇಳಾಯಿತು, ಸರ್ಕಾರ ಅವಳನ್ನು ಐನೂರು ಡಾಲರಿಗೆ ಇಳಿಸಿತು. ಅವಳಿಗೇ ಯಾರೋ ಅವಮಾನ ಮಾಡಿದ ಹಾಗೆ ಸಿಟ್ಟು ಬಂತು. ಇನ್ನೊಂದು ವರ್ಷ ಬರೆಯಬಹುದಿತ್ತು, ಅಷ್ಟೆ.

ಆ ಷರತ್ತಿನ ವಾಕ್ಯಕ್ಕಾಗಿ ಪ್ರತಿ ಫೆಬ್ರವರಿಯಲ್ಲೂ ಶೆರಿಫ್‌ನ ಪೊಲೀಸ್ ಕಚೇರಿಗೆ ಹೋಗಿ ಹೊಸ ಪತ್ರ ತರುತ್ತೇನೆ. ಮುದುಕ ವಿಟೇಕರ್ ಇದ್ದಾಗ ಎರಡೇ ಬೆರಳಲ್ಲಿ ಟೈಪ್ ಮಾಡಿಕೊಡುತ್ತಿದ್ದ. ಈಗ ಅವನ ಜಾಗದಲ್ಲಿ ಈ ಪ್ರಕರಣ ನೋಡಿಕೊಳ್ಳುವವಳು ಡೆನೀಸ್ ಕೊವಾಲ್. ಯಾವಾಗಲೂ ಬಾಗಿಲಲ್ಲೇ ಪತ್ರ ಕೊಟ್ಟು ಕಳಿಸುವವಳು ಈ ಸಲ ಬಾಗಿಲು ಹಾಕಿಕೊಂಡಳು.

"ಕೂತ್ಕೊಳ್ಳಿ ಅರ್ಲೀನ್. ಆ ವಾಕ್ಯ ಈ ಸಲ ಬರೆಯೋಕಾಗಲ್ಲ."

ಯಾವ ವಾಕ್ಯ ಎಂದೆ, ಗೊತ್ತಿದ್ದರೂ.

"ಮನೆಯವರಲ್ಲ ಅನ್ನೋದು. ಅದನ್ನ ನಾನು ಬರೆಯೋ ಹಾಗಿಲ್ಲಮ್ಮಾ."

ವಾಕ್ಯ ಹೋದರೆ ವಿನಾಯಿತಿಯೂ ಹೋಯಿತು, ಈ ವರ್ಷದ್ದಷ್ಟೇ ಅಲ್ಲ, ಹಿಂದಿನದೆಲ್ಲ. ಮೂರು ವರ್ಷ ಹಿಂದಿನವರೆಗೆ ತಿದ್ದುಪಡಿ ಅರ್ಜಿ ಹಾಕಬಹುದು. ಹಾಕು ಎಂದು ಯಾರೂ ಹೇಳಲಿಲ್ಲ, ನಾನೇ ಕೂತೆ. ನನಗೆ ಗೊತ್ತಿರುವ ಕೆಲಸ ಅದೊಂದೇ. ಆ ಅರ್ಜಿಯಲ್ಲಿ, ತಿದ್ದುಪಡಿಗೆ ಕಾರಣವೇನು ಎಂದು ಬರೆಯಲು ಸ್ವಲ್ಪ ಜಾಗ ಬಿಟ್ಟಿರುತ್ತಾರೆ. ಗಿರಾಕಿಗಳಿಗೆ ನಾನು ಯಾವಾಗಲೂ ಹೇಳುವುದು, ಪುರಾಣ ಬೇಡ, ಒಂದೇ ವಾಕ್ಯ ಬರೀರಿ ಎಂದು. ಎರಡು ದಿನ ಆ ಜಾಗವನ್ನು ನೋಡುತ್ತಾ ಕೂತೆ. ಆಮೇಲೆ ಬರೆದೆ. ಮೂರು ವರ್ಷಕ್ಕೆ ಮೂರು ಸಲ. ನಾಲ್ಕನೆಯ ಸಲ ನಿನಗೆ ಬರೆಯುತ್ತಿದ್ದೇನೆ:

ಮಗುವನ್ನು ಒಯ್ದವನು ಅವಳ ಚಿಕ್ಕಪ್ಪ.

ಕ್ಲೀಟ್, ಡ್ವೇನ್. ನಿನ್ನ ತಮ್ಮ ಕ್ಲೀಟ್.

ಹೋದ ವರ್ಷ ಅವನು ಸತ್ತ ಮೇಲೆ ಗುಡ್ಡದ ಕಾಡಿನಲ್ಲಿದ್ದ ಅವನ ಬೇಟೆಮನೆಯನ್ನು ನೀನು ಕೊಲಂಬಸ್‌ನ ದಂಪತಿಗೆ ಮಾರಿದೆಯಲ್ಲ. ಅವರು ಜನವರಿಯಲ್ಲಿ ಹಿಂದಿನ ಕೋಣೆಯ ಹಲಗೆ ಕಿತ್ತರು. ಹಲಗೆಯ ಹಿಂದೆ ಇನ್ನೊಂದು ಸಣ್ಣ ಕೋಣೆ, ಹೊರಗಿನಿಂದ ಹಾಕುವ ಚಿಲಕ. ಒಳಗೆ ಅವಳ ನೀಲಿ ಶಾಲಾಚೀಲ, ನನ್ನಮ್ಮ ಹೆಣೆದ ಟೋಪಿ, ಅಕ್ಷರಗಳ ನಡುವೆ ಪದ ಹುಡುಕುವ ಒಂದು ಪುಸ್ತಕ. ಅದು ಔಷಧದಂಗಡಿಯಲ್ಲಿ ಸಿಗುವಂಥ ತಿಂಗಳ ಪುಸ್ತಕ, 2017ರ ಜುಲೈ ಸಂಚಿಕೆ. ಅವಳು ಕಾಣೆಯಾದದ್ದು ಅದರ ಹಿಂದಿನ ಅಕ್ಟೋಬರ್. ನಲವತ್ತೊಂದನೇ ಪುಟದವರೆಗೆ ಪದಗಳಿಗೆ ಸುತ್ತು ಹಾಕಿದ್ದಾಳೆ, ಅಂಚಿನಲ್ಲೆಲ್ಲ ತನ್ನ ಹೆಸರು ಬರೆದುಕೊಂಡಿದ್ದಾಳೆ. ಅವಳದೇ ಬರಹವಾ ಎಂದು ಕೊವಾಲ್ ಕೇಳಿದಳು. ಹೌದು ಎಂದೆ. ಒಂಬತ್ತು ತಿಂಗಳು ನಮ್ಮ ಮಗು ನಮ್ಮ ಮನೆಯಿಂದ ಹನ್ನೊಂದು ಮೈಲಿ ದೂರದಲ್ಲಿತ್ತು. ಆಮೇಲೆ ಏನಾಯಿತೋ ಅವರಿಗೂ ತಿಳಿಯದು. ಹೆಪ್ಪುಗಟ್ಟಿದ ನೆಲ ಸಡಿಲಾದ ಮೇಲೆ ನಾಯಿಗಳನ್ನು ತಂದು ಸುತ್ತಲ ಕಾಡು ಅಗೆಯುತ್ತಾರಂತೆ.

ನೀನು ನಂಬುವುದಿಲ್ಲ. ನಾನೂ ನಂಬಲಿಲ್ಲ. ಹುಡುಕಲು ಬಂದವರಿಗೆಲ್ಲ ಚರ್ಚಿನ ಹಿಂದೆ ದೊಡ್ಡ ಹಂಡೆಯಲ್ಲಿ ಮಾಂಸದ ಚಿಲ್ಲಿ ಸಾರು ಬೇಯಿಸಿ ಬಡಿಸಿದವನು ಅವನು. ನಕ್ಷೆ ಹಿಡಿದು, "ನೀವು ಹಳ್ಳದ ಕಡೆ ಹೋಗಿ, ಗುಡ್ಡದ ಕಡೆ ನಾನ್ ನೋಡ್ಕೋತೀನಿ" ಎಂದವನೂ ಅವನೇ. ನಮ್ಮ ಹಳೇ ಸೋಫಾದ ಮೇಲೆ ಒಂದು ತಿಂಗಳು ಮಲಗಿದ. ನೀನು ಅವನ ಹೆಗಲ ಮೇಲೆ ತಲೆಯಿಟ್ಟು ಅತ್ತೆ. ಹೋದ ವರ್ಷ ಅವನ ಹೆಣಕ್ಕೆ ತೊಡಿಸಿದ ಅಂಗಿಯನ್ನು ಇಸ್ತ್ರಿ ಮಾಡಿದವಳು ನಾನು, ಪೆಟ್ಟಿಗೆಗೆ ಹೆಗಲು ಕೊಟ್ಟವನು ನೀನು. ಇದನ್ನು ಎಲ್ಲಿ ಇಟ್ಟುಕೊಳ್ಳಲಿ ಹೇಳು. ಅವನು ಸತ್ತಿದ್ದಾನೆ, ಹಿಡಿದು ಕೇಳುವುದಕ್ಕೂ ಸಿಗುವುದಿಲ್ಲ. ಅವಳು ಎಲ್ಲಿದ್ದಾಳೆಂಬ ಮಾತು ಅವನ ಬಾಯಲ್ಲೇ ಮಣ್ಣಾಯಿತು.

ಸಹಿ ಹಾಕಿದ್ದೇನೆ. ಬ್ಯಾಂಕಿನ ನೋಟರಿಯ ಮುದ್ರೆಯೂ ಆಗಿದೆ, ಕಾಗದಗಳು ಇದರ ಜೊತೆಯಲ್ಲಿವೆ. ನಮ್ಮ ಶೆಲ್ಬಿ ಇಲ್ಲ, ಒಪ್ಪಿಕೊಂಡೆ. ಆದರೆ ಆ ಜಾಗ ಮಾತ್ರ ಬೇಡ. ಅವಳ ಹೆಸರು ಅವನ ಪಕ್ಕದಲ್ಲಿ ನಿಲ್ಲಕೂಡದು, ಬರೀ ಕಲ್ಲಾದರೂ ಕೂಡದು. ಕೆತ್ತುವವನಿಗೆ ಇವತ್ತೇ ಹೇಳಿದ್ದೇನೆ, ಕೆಲಸ ನಿಲ್ಲಿಸಿದ್ದಾನೆ. ಬೇರೆ ಎಲ್ಲಿ ಎಂದು ನನ್ನನ್ನು ಕೇಳಬೇಡ, ನನಗೆ ಗೊತ್ತಿಲ್ಲ. ಅವನನ್ನೇ ಅಲ್ಲಿಂದ ಕಿತ್ತು ಬಿಸಾಡಬೇಕು ಎಂದು ನೀನು ಹೊರಟರೆ ಸನಿಕೆ ನಾನು ತರುತ್ತೇನೆ.

ಇಪ್ಪತ್ತನೇ ತಾರೀಖು ನಿಮ್ಮ ದೋಣಿಯನ್ನು ಕೇರೊ ಊರಿನ ದಡಕ್ಕೆ ಕಟ್ಟಿದಾಗ ಕೊವಾಲ್ ಅಲ್ಲಿಗೆ ಬರುತ್ತಾಳೆ. ಅದಕ್ಕೆ ಮುಂಚೆ ನಾನೇ ಹೇಳುತ್ತೇನೆ ಎಂದು ಬೇಡಿಕೊಂಡು ಈ ದಿನಗಳನ್ನು ಪಡೆದಿದ್ದೇನೆ. ಕ್ಲೀಟ್‌ನ ಬಗ್ಗೆ ಕೇಳಿದ್ದಕ್ಕೆಲ್ಲ ಉತ್ತರ ಕೊಡು. ಅಲ್ಲಿಯವರೆಗೆ ಅಡುಗೆಯವನ ಹತ್ತಿರವಾದರೂ ಮಾತಾಡು, ದೋಣಿಯ ಅಂಚಿನಲ್ಲಿ ಒಬ್ಬನೇ ನಿಲ್ಲಬೇಡ. ಈ ಮಾತು ಹೇಳುವ ಹಕ್ಕು ನನಗಿಲ್ಲ, ಆದರೂ ಹೇಳುತ್ತಿದ್ದೇನೆ.

ಇತಿ, ಅವಳ ತಾಯಿ,
ಅರ್ಲೀನ್

ಮತ್ತೆ: ಒಂದು ಮಾತನ್ನು ಒಂಬತ್ತು ವರ್ಷ ಯಾರಿಗೂ ಹೇಳಿರಲಿಲ್ಲ. ನಿನ್ನೆ ಕೊವಾಲ್‌ಗೆ ಹೇಳಿದೆ, ನೀನು ಅವಳಿಂದ ಕೇಳುವುದು ಬೇಡ. ಮೊದಲ ಸಲ ವಿಟೇಕರ್ ಹತ್ತಿರ ಆ ಪತ್ರಕ್ಕೆ ಹೋದದ್ದು 2017ರ ಏಪ್ರಿಲ್ ಹನ್ನೆರಡು, ತೆರಿಗೆಯ ಗಡುವಿಗೆ ಆರು ದಿನ ಇತ್ತು. ಆ ಬೆಳಿಗ್ಗೆ ಪಕ್ಕದ ಮನೆಯ ವಿಲ್ಮಾ ನನ್ನನ್ನು ತಡೆದು, ಶೆಲ್ಬಿ ಕಾಣೆಯಾದ ಗುರುವಾರ ಶಾಲೆಯ ಹಿಂದಿನ ರಸ್ತೆಯಲ್ಲಿ ಕ್ಲೀಟ್‌ನ ಟ್ರಕ್ ನೋಡಿದ ಹಾಗೆ ನೆನಪು ಎಂದಳು. "ಅವನು ಆವತ್ತು ಊರಲ್ಲೇ ಇರ್ಲಿಲ್ಲ ಅಂದನಲ್ವಾ, ನಾನೇ ತಪ್ಪು ನೋಡಿರ್ಬೇಕು ಬಿಡು" ಎಂದೂ ಸೇರಿಸಿದಳು. ಅದನ್ನು ಹೇಳಬೇಕೆಂದೇ ವಿಟೇಕರ್ ಎದುರು ಕೂತೆ. ಅವನು ಅರ್ಧ ಟೈಪ್ ಮಾಡಿ ತಲೆಯೆತ್ತಿ, "ಅರ್ಲೀನ್, ನಿಮ್ಮೋರಲ್ಲಿ ಯಾರ ಮೇಲಾದ್ರೂ ಅನುಮಾನ ಇದ್ರೆ ಈಗ್ಲೇ ಹೇಳ್ಬಿಡಮ್ಮಾ, ಆಮೇಲೆ ಈ ಸಾಲು ಬರೆಯೋಕೆ ಬರಲ್ಲ" ಎಂದ. ಆ ಸಾಲು ಇಲ್ಲದಿದ್ದರೆ ಅವಳ ಹೆಸರು ಆ ಹಾಳೆಯಿಂದಲೂ ಹೋಗುತ್ತಿತ್ತು. ಹೇಗಿದ್ದರೂ ನಮ್ಮ ಕ್ಲೀಟ್ ತಾನೆ ಎಂದುಕೊಂಡೆ. "ಯಾರ ಮೇಲೂ ಇಲ್ಲ, ಬರೀರಿ" ಎಂದೆ. ಆಮೇಲೆ ಯಾರೂ ಅವನ ಕಡೆ ತಿರುಗಿ ನೋಡಲಿಲ್ಲ. ಆ ದಿನ ಅವಳು ಬದುಕಿದ್ದಳು, ಡ್ವೇನ್. ಉತ್ತರ ಬರೆಯಬೇಡ.